ಮೋರಿಯ ಕಸ ಯಾರದು

ಮಾರ್ಚ್ 4, ಸೋಮವಾರ

ಕೆಲಸ ಮುಗಿಸಿ ಬಂದಾಗ ಮೆಟ್ಟಿಲ ಬುಡದ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಇಲ್ಲಿಯ ಅಕ್ಷರ ಓದಲು ನನಗೆ ಇವತ್ತಿಗೂ ಹೊತ್ತು ಹಿಡಿಯುತ್ತದೆ. ಕೈಬರಹವಾದರಂತೂ ಒಂದೊಂದೇ ಅಕ್ಷರ ಕೂಡಿಸಿಕೊಳ್ಳಬೇಕು. "ಹೊರಗಿನವರು ಬಂದ ಮೇಲೆ ಹಿಂದಿನ ಕಾಲುವೆ ನಾರುತ್ತಿದೆ. ಕಸ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ." ಹೆಸರಿಲ್ಲ, ಸಹಿಯಿಲ್ಲ.

ಈ ಕಟ್ಟಡದಲ್ಲಿ ಹೊರಗಿನವರು ಅಂದರೆ ಮೂರೇ ಮನೆ. ನಾವು, ಎದುರುಮನೆಯ ಬಡಗಿ, ಮೇಲಿನ ಮಹಡಿಯಲ್ಲಿರುವ ಬೇಕರಿ ಕೆಲಸದ ಹೆಂಗಸು. ಮೂರು ಮನೆಗೆ ಮೂರು ದೇಶ.

ಹನ್ನೊಂದು ವರ್ಷವಾಯಿತು ಇಲ್ಲಿಗೆ ಬಂದು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ಇಲ್ಲಿಯವರ ರಕ್ತದ ಬಟ್ಟೆ, ಕೀವಿನ ಬಟ್ಟೆ ಒಗೆದು ಮಡಿಸಿಡುವವಳು ನಾನು. ನನಗೆ ಚೊಕ್ಕಟದ ಪಾಠ!

ಯಜಮಾನರಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ನೋಡಿಲ್ಲ ಅಂದ್ಕೊಂಡು ಸುಮ್ನಿರು ಕಣೆ. ಜಗಳಕ್ಕೆ ಹೋದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ" ಎಂದರು.

ಬರೆದವರು ಯಾರೆಂದು ನನಗೆ ಗೊತ್ತು. ಕೆಳಗಿನ ಮನೆಯ ನಿವೃತ್ತ ನರ್ಸು. ನಾನು ಮನಸ್ಸಿನಲ್ಲಿ ಅವರನ್ನು ನರ್ಸಮ್ಮ ಅನ್ನುತ್ತೇನೆ. ಕಾಲುವೆ ಇರುವುದು ಅವರ ಹಿತ್ತಿಲ ಬಾಗಿಲಿನಿಂದ ಹತ್ತು ಹೆಜ್ಜೆಗೆ. ಮೆಟ್ಟಿಲಲ್ಲಿ ಎದುರಾದರೆ ತಲೆ ಆಡಿಸುತ್ತಾರೆ, ಅಷ್ಟೆ. ಈ ಕಟ್ಟಡಕ್ಕೆ ಬಂದ ಒಂಬತ್ತು ವರ್ಷದಲ್ಲಿ ಆ ತಲೆ ಒಂದು ಮಾತಿನಷ್ಟೂ ಮುಂದೆ ಹೋಗಿಲ್ಲ.

ಮಾರ್ಚ್ 10, ಭಾನುವಾರ

ವಾರವೆಲ್ಲ ಕುದ್ದೆ. ಇವತ್ತು ಬೆಳಿಗ್ಗೆ ಲಾಂಡ್ರಿಯ ರಬ್ಬರ್ ಗ್ಲೌಸ್ ಹಾಕಿಕೊಂಡು ಕಾಲುವೆಗೆ ಇಳಿದೆ. ಕಸ ಎತ್ತಲು ಅಲ್ಲ. ಅದು ಯಾರ ಕಸವೆಂದು ನೋಡಲು.

ಸಿಕ್ಕಿದ್ದು: ಬಿಯರ್ ಡಬ್ಬಿ ಹದಿನಾಲ್ಕು, ಸಿಗರೇಟು ಪ್ಯಾಕು ಒಂಬತ್ತು, ಕಾಫಿ ಲೋಟ ಬೇಕಾದಷ್ಟು, ಮಗುವಿನ ಒಂದು ಷೂ, ಕಡ್ಡಿ ಕಿತ್ತ ಛತ್ರಿ. ಎಲ್ಲದರ ಮೇಲೂ ಇಲ್ಲಿಯ ಅಕ್ಷರ. ನಮ್ಮ ಮನೆಯದು ಅನ್ನುವಂಥದ್ದು ಒಂದೂ ಇಲ್ಲ. ಈ ಪುಸ್ತಕದಲ್ಲಿ ಬರೆದಿಡುತ್ತೇನೆ. ಯಾರಾದರೂ ಕೇಳಲಿ, ಮುಖಕ್ಕೆ ಹಿಡಿಯುತ್ತೇನೆ.

ಬಡಗಿ ದಡದ ಮೇಲೆ ನಿಂತು ನೋಡುತ್ತಿದ್ದ. ನಮ್ಮಿಬ್ಬರಿಗೂ ಇಲ್ಲಿಯ ಭಾಷೆ ಕುಂಟುತ್ತದೆ, ಅದರಲ್ಲೇ ಮಾತು.

"ಏನಾದ್ರೂ ಕಳ್ಕೊಂಡ್ರಾ?"

"ಮರ್ಯಾದೆ" ಎಂದೆ.

ಅವನೂ ಕಾಗದ ಓದಿದ್ದ. "ಹಾಗಾದ್ರೆ ನಂದೂ ಅಲ್ಲೇ ಎಲ್ಲೋ ಬಿದ್ದಿರ್ಬೇಕು" ಎನ್ನುತ್ತ ಪ್ಯಾಂಟು ಮಡಿಸಿಕೊಂಡು ಇಳಿದ. ಲೆಕ್ಕ ಹಾಕಿದ ಮೇಲೆ ಅದನ್ನೆಲ್ಲ ಮತ್ತೆ ನೀರಿಗೆ ಎಸೆಯಲು ಆಗುತ್ತದೆಯೇ? ಐದು ಚೀಲ ತುಂಬಿ ಕಸದ ತೊಟ್ಟಿಗೆ ಹಾಕಿ ಬಂದೆವು.

ಮಾರ್ಚ್ 17, ಭಾನುವಾರ

ಬೇಕರಿಯವಳೂ ಬಂದಳು. ಮೂವರಾದೆವು. ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನವನೊಬ್ಬ ಗಾಜು ಇಳಿಸಿ, ಖಾಲಿ ಲೋಟವೊಂದನ್ನು ನಮ್ಮ ಮುಂದೆಯೇ ಎಸೆದು, "ಇದೂ ಒಂದು ಇರ್ಲಿ!" ಎಂದು ನಕ್ಕು ಹೋದ. ಬೇಕರಿಯವಳು ಅದನ್ನು ಎತ್ತಿ ಚೀಲಕ್ಕೆ ಹಾಕಿದಳು. ಅವಳ ಕಿವಿ ಕೆಂಪಾಗಿತ್ತು.

ನರ್ಸಮ್ಮ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಗಂಟೆ ನೋಡಿದ ಮೇಲೆ ಬಾಯಿ ಬಿಟ್ಟರು: "ಆ ಬದಿ ಬಿಟ್ಟಿದ್ದೀರಿ."

ಮೈಯೆಲ್ಲ ಉರಿಯಿತು. ಆ ಬದಿಯನ್ನೂ ತೆಗೆದೆ.

ಮಾರ್ಚ್ 20, ಬುಧವಾರ

ಲಾಂಡ್ರಿಯ ಸ್ಟೋರಿನ ತಾತ ಇನ್ನೂ ಆರು ಹರಿದ ಚೀಲ ಕೊಟ್ಟರು. ಬಟ್ಟೆ ತುಂಬುವ ನೀಲಿ ಚೀಲಗಳು, ಆಸ್ಪತ್ರೆಯ ಮುದ್ರೆ ಇರುವವು. ಹರಿದರೆ ಸುಟ್ಟುಹಾಕಬೇಕೆಂದು ನಿಯಮ. "ಗಟ್ಟಿ ಬಟ್ಟೆ, ಸುಡೋಕೆ ಮನಸ್ಸು ಬರಲ್ಲ ಮಗಳೇ" ಎಂದು ತಾತ ಎರಡು ವರ್ಷದಿಂದ ನನಗೆ ಕೊಡುತ್ತ ಬಂದಿದ್ದಾರೆ. ನಾನು ಹೊಲಿದು ಭಾವನ ಕೆಲಸಕ್ಕೆ ಕೊಡುತ್ತೇನೆ.

ಭಾವ ಅಂದರೆ ಯಜಮಾನರ ಅಣ್ಣ. ಹಳೆಯ ಬಚ್ಚಲು, ಅಡುಗೆಮನೆ ಒಡೆದು ಹೊಸದು ಮಾಡಿಕೊಡುವ ಕೆಲಸ ಅವರದು. ಯಜಮಾನರು ಅವರ ಕೈಕೆಳಗೆ ದುಡಿಯುತ್ತಾರೆ, ವ್ಯಾನೂ ಓಡಿಸುತ್ತಾರೆ. ನಮ್ಮನ್ನು ಇಲ್ಲಿಗೆ ಕರೆಸಿಕೊಂಡವರೂ ಭಾವನೇ. ಎರಡು ವರ್ಷ ಅವರ ಮನೆಯಲ್ಲೇ ಇದ್ದೆವು. ಮೊದಲ ಚಳಿಗಾಲದಲ್ಲಿ ನನಗೆ ನ್ಯುಮೋನಿಯಾ ಆದಾಗ ಮೂರು ಮಹಡಿ ನನ್ನನ್ನು ಹೊತ್ತು ಇಳಿಸಿದವರು ಅವರು. ಆರು ಚೀಲ ಹೊಲಿದುಕೊಡುವುದು ಯಾವ ಮಹಾ.

ಮಾರ್ಚ್ 24, ಭಾನುವಾರ

ನರ್ಸಮ್ಮ ಉದ್ದನೆಯ ಇಕ್ಕಳವೊಂದನ್ನು ತಂದು ನನ್ನ ಕೈಗೆ ಕೊಟ್ಟರು. "ಹಾಗೆ ಬಗ್ಗಬೇಡಿ. ನಲವತ್ತು ದಾಟಿದ ಸೊಂಟ, ಒಂದ್ಸಲ ಹಿಡಿದ್ರೆ ಬಿಡಲ್ಲ." ಅವರು ಚಿಕ್ಕವರಾಗಿದ್ದಾಗ ಈ ಕಾಲುವೆಯಲ್ಲಿ ಈಜುತ್ತಿದ್ದರಂತೆ. ನನಗೆ ನಂಬಲಾಗಲಿಲ್ಲ.

ರಸ್ತೆಯ ಅಡಿಗೆ ನೀರು ಹೋಗುವ ಮೋರಿಯ ಬಾಯಲ್ಲಿ ಬಡಗಿ ಕೋಲು ಇಳಿಸಿ ನೋಡಿದ. ಏನೋ ಗಟ್ಟಿಯಾದ್ದು ತಗುಲುತ್ತದೆ ಎಂದ. ಮನೆಗೆ ಬಂದು ಹೇಳಿದೆ. "ಅಲ್ಲಿ ಇಳೀಬೇಡ. ಆಳ ಇದೆ" ಎಂದರು ಯಜಮಾನರು. ಯಾಕೋ ದನಿ ಜೋರಾಗಿತ್ತು. ಕೆಲಸದ ಆಯಾಸ ಇರಬೇಕು.

ಏಪ್ರಿಲ್ 2, ಮಂಗಳವಾರ

ಒದ್ದೆ ಕೈಯಲ್ಲೇ ಬರೆಯುತ್ತಿದ್ದೇನೆ. ಅದಕ್ಕೇ ಅಕ್ಷರ ಹೀಗೆ.

ಮಧ್ಯಾಹ್ನದಿಂದ ಹುಚ್ಚುಮಳೆ. ನಾಲ್ಕು ಗಂಟೆಗೆ ನಾನು ಬರುವಷ್ಟರಲ್ಲಿ ಕಾಲುವೆ ಉಕ್ಕಿ ನರ್ಸಮ್ಮನ ಮನೆಯೊಳಗೆ ಮೊಣಕಾಲುದ್ದ ನೀರು. ಅವರು ಮಂಚದ ಮೇಲೆ ನಿಂತು, ಎರಡೂ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಎತ್ತಿ ಹಿಡಿದುಕೊಂಡಿದ್ದರು. ಯಜಮಾನರೂ ಬಡಗಿಯೂ ಅವರನ್ನು ಎತ್ತಿಕೊಂಡು ಬಂದು ನಮ್ಮ ಮನೆಯಲ್ಲಿ ಕೂರಿಸಿದರು. ಅಷ್ಟು ಹಗುರವಂತೆ, ಒದ್ದೆ ಬಟ್ಟೆಯದೇ ಹೆಚ್ಚು ಭಾರವಂತೆ.

ಮಳೆ ನಿಂತ ಮೇಲೆ ಪುರಸಭೆಯವರು ಕೊಕ್ಕೆ ಹಾಕಿ ಮೋರಿಯ ಬಾಯಿ ಬಿಡಿಸಿದರು. ಕಟ್ಟಿಕೊಂಡಿದ್ದದ್ದು ಬಿಯರ್ ಡಬ್ಬಿಯಲ್ಲ, ಕಾಫಿ ಲೋಟವಲ್ಲ. ಮೂಟೆಗಳು. ಒಡೆದ ಟೈಲ್ಸು, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ತುಂಬಿದ ಮೂಟೆಗಳು. ಮೊದಲನೆಯದನ್ನು ದಡಕ್ಕೆ ಎಳೆದಾಗ ನೀಲಿ ಕಂಡಿತು. ಹತ್ತಿರ ಹೋದೆ. ಚೀಲದ ಮೂಲೆಯಲ್ಲಿ ಕಪ್ಪು ದಾರದ ಹೊಲಿಗೆ. ನಮ್ಮಮ್ಮ ಕಲಿಸಿದ್ದು ಅದು, ಮೂರು ಹೊಲಿಗೆಗೊಂದು ಗಂಟು. ಇಲ್ಲಿ ಬೇರೆ ಯಾರೂ ಹಾಗೆ ಹೊಲಿಯುವುದಿಲ್ಲ.

ತಿರುಗಿ ನೋಡಿದೆ. ಯಜಮಾನರು ಚೀಲವನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

ಏಪ್ರಿಲ್ 3, ಬುಧವಾರ

ಏನು ಬರೆಯಲಿ.

ಏಪ್ರಿಲ್ 4, ಗುರುವಾರ

ನರ್ಸಮ್ಮ ಒಳಕೋಣೆಯಲ್ಲಿ ಮಲಗಿದ್ದಾರೆ. ಅವರ ಮನೆ ಒಣಗುವ ತನಕ ಇಲ್ಲೇ ಇರಲಿ ಎಂದು ನಾನೇ ಹೇಳಿದ್ದು. ಅವರಿಗೆ ನಮ್ಮ ಭಾಷೆ ತಿಳಿಯದಿದ್ದರೂ ನಾನೂ ಯಜಮಾನರೂ ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡೇ ಮಾತಾಡಿದೆವು.

"ಅಣ್ಣ ಹೇಳಿದ. ಹಾಕ್ದೆ" ಎಂದರು.

"ಹಾಕು ಅಂದ್ರೆ ಹಾಕಿಬಿಡೋದೇನ್ರೀ?"

"ಕಟ್ಟಡದ ಕಸ ಹಾಕೋ ಜಾಗ ಆ ತುದೀಲಿದೆ. ಹೋಗಿ ಬರೋಕೆ ಅರ್ಧ ದಿನ. ಪ್ರತಿ ಲೋಡಿಗೂ ಚೀಟಿ ಬೇಕು. ಅಣ್ಣನ ಹತ್ರ ಆ ಚೀಟಿಯಿಲ್ಲ."

"ಎಷ್ಟು ಸಲ?"

"ನೆನಪಿಲ್ಲ ಕಣೆ." ಆಮೇಲೆ ಲೋಟ ತೊಳೆದು ಕವುಚಿಟ್ಟು, "ಮೊದಮೊದಲು ಸದ್ದಾದ್ರೆ ಎದೆ ಹಾರ್ತಿತ್ತು. ಆಮೇಲೆ ಅದೂ ನಿಂತುಹೋಯ್ತು" ಎಂದರು.

ನಾನು ಮೂರು ಭಾನುವಾರ ಕಾಲುವೆಗೆ ಇಳಿದು ಡಬ್ಬಿ ಎಣಿಸಿದೆ. ಎಣಿಸಿದ್ದನ್ನು ಹೆಮ್ಮೆಯಿಂದ ಓದಿ ಹೇಳಿದೆ. ಈ ಮನುಷ್ಯ ಕೇಳಿಸಿಕೊಂಡು ಸುಮ್ಮನೆ ಊಟ ಮಾಡಿದರು.

ಏಪ್ರಿಲ್ 7, ಭಾನುವಾರ

ಇವತ್ತು ಕಾಲುವೆಗೆ ಹೋಗಲಿಲ್ಲ. ಭಾವನ ಮನೆಗೆ ಹೋದೆವು. ಓರಗಿತ್ತಿ ಬಾಗಿಲು ತೆರೆದು ನನ್ನ ಮುಖ ನೋಡಿದವಳೇ ಒಳಗೆ ಹೋಗಿಬಿಟ್ಟಳು.

"ಭಾವ, ಆ ಮುದುಕಿ ಮನೆಗೆ ನೀರು ನುಗ್ಗಿದೆ. ನಾವೇ ಹೋಗಿ ಹೇಳಿಬಿಡೋಣ" ಎಂದೆ.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನೋಡಮ್ಮ, ಎಲ್ರೂ ಹಾಕ್ತಾರೆ. ಇಲ್ಲಿಯವರು ಸಿಕ್ಕಿಬಿದ್ರೆ ಬೈಸ್ಕೊಂಡು ಮನೆಗೆ ಹೋಗ್ತಾರೆ. ನಾವು ಸಿಕ್ಕಿಬಿದ್ರೆ ಎಲ್ಲಿಗೆ ಹೋಗ್ತೀವಿ, ಹೇಳು? ಜೂನ್‌ನಲ್ಲಿ ನಿನ್ನ ಗಂಡನ ವಾಸದ ಪರವಾನಗಿ ಹೊಸದು ಮಾಡಿಸಬೇಕು. ಕೇಸು ಅಂತ ಒಂದು ಗೆರೆ ಬಿದ್ರೆ ಮುಗೀತು."

"ಗೊತ್ತು ಭಾವ."

"ಗೊತ್ತಿದ್ದೂ ಉಂಡ ಮನೆಗೆ ಎರಡು ಬಗೀತೀಯಾ?"

ಅವರ ಬೆನ್ನ ಮೇಲೆ ಮೂರು ಮಹಡಿ ಇಳಿದವಳು ನಾನು. ಜ್ವರದಲ್ಲಿ ಅವರ ಕೋಟಿನ ಮೇಲೆ ವಾಂತಿ ಮಾಡಿದ್ದೆ. ಅದನ್ನವರು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ.

ಸುಮ್ಮನೆ ಎದ್ದು ಬಂದೆವು. ಸುಮ್ಮನಿರುವುದೇ ಸರಿಯೇನೋ.

ಏಪ್ರಿಲ್ 9, ಮಂಗಳವಾರ

ಸುಮ್ಮನಿರಲು ಬಿಡಲಿಲ್ಲ. ಪುರಸಭೆಯ ಇಬ್ಬರು ನೀಲಿ ಚೀಲ ಹಿಡಿದು ಲಾಂಡ್ರಿಗೆ ಬಂದರು. ಮುದ್ರೆ ಆಸ್ಪತ್ರೆಯದು. ಚೀಲದ ಜವಾಬ್ದಾರಿ ಸ್ಟೋರಿನದು. ಎಲ್ಲರ ಎದುರಿಗೇ ತಾತನನ್ನು ನಿಲ್ಲಿಸಿ ಕೇಳಿದರು.

"ಯಾರಿಗೆ ಕೊಟ್ರಿ?"

"ನೆನಪಿಲ್ಲ" ಎಂದರು ತಾತ. ನಾನು ಇಸ್ತ್ರಿ ಯಂತ್ರದ ಬಳಿ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಅವರು ನನ್ನ ಕಡೆ ಕಣ್ಣು ಹಾಯಿಸಲೂ ಇಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಆಸ್ಪತ್ರೆಯ ಮೇಲಿನವರು ತಾತನಿಗೆ ಹೇಳಿದರು. ನಿವೃತ್ತಿಗೆ ಐದು ತಿಂಗಳು ಉಳಿದಿರುವ ಮನುಷ್ಯ. ಟೋಪಿ ತೆಗೆದುಕೊಂಡು, ಕೀಲಿಕೈ ಮೇಜಿನ ಮೇಲಿಟ್ಟು ಹೋದರು.

ನಾನು ಹಾಸುಬಟ್ಟೆಗಳನ್ನು ಮಡಿಸುತ್ತಲೇ ಇದ್ದೆ.

ಏಪ್ರಿಲ್ 10, ಬುಧವಾರ

ಯಜಮಾನರಿಗೆ ಹೇಳಿದೆ: "ನಾಳೆ ಪುರಸಭೆಗೆ ಹೋಗ್ತೀನಿ. ಚೀಲ ತಗೊಂಡವಳು ನಾನು ಅಂತೀನಿ. ನಿಮ್ಮ ಹೆಸರು ಎತ್ತಲ್ಲ."

ಆಮೇಲೆ ಒಳಕೋಣೆಗೆ ಹೋಗಿ ನರ್ಸಮ್ಮನ ಮುಂದೆ ಕೂತೆ. ಅವರು ತಗಡಿನ ಪೆಟ್ಟಿಗೆಯ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿ ಒಣಗಿಸುತ್ತಿದ್ದರು. ಅವರ ಗಂಡನ ಪತ್ರಗಳು. ಶಾಯಿ ಹರಡಿ ಅರ್ಧಕ್ಕರ್ಧ ಅಳಿಸಿಹೋಗಿವೆ. ಎಲ್ಲ ಹೇಳಿದೆ. ಮೂಟೆ ಯಾರದು, ಚೀಲ ಯಾರದು, ಸುರಿದವರು ಯಾರು, ಎಲ್ಲ. ಅವರ ಮುಂದೆ ಯಜಮಾನರ ಹೆಸರನ್ನು ಮುಚ್ಚಿಡಲಾಗಲಿಲ್ಲ.

ಒಂದು ಪತ್ರವನ್ನು ಮಗುಚಿ ಹಾಕಿ ಕೇಳಿದರು: "ಮೆಟ್ಟಿಲ ಬುಡದ ಕಾಗದ ಓದಿದ್ಯಾ?"

"ಓದಿದ್ದೆ."

"ಬರೆದದ್ದು ನಾನೇ."

"ಗೊತ್ತಿತ್ತು. ನೀವು ಬರೆದದ್ದು ನಿಜವೇ ಆಯ್ತಲ್ಲ."

"ಇಲ್ಲ" ಎಂದರು. "ನಂಗೆ ಏನೂ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಬರೆದೆ. ನಿಜ ಆಗಿದ್ದು ನನ್ನ ಪುಣ್ಯವೂ ಅಲ್ಲ, ನಿಮ್ಮ ಮೂರು ಮನೆಯ ಪಾಪವೂ ಅಲ್ಲ."

ಕ್ಷಮಿಸಿ ಎಂದೆ. ಕೈಯೆತ್ತಿ ತಡೆದರು. "ನನ್ನ ಹಾಸಿಗೆ ಇನ್ನೂ ಒಣಗಿಲ್ಲ. ಇವತ್ತು ನನ್ನ ಹತ್ರ ಒಳ್ಳೆ ಮಾತು ಕೇಳ್ಬೇಡ."

ಏಪ್ರಿಲ್ 11, ಗುರುವಾರ

ಬೆಳಿಗ್ಗೆ ನಾನು ಹೊರಡುವಾಗ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೆಲಸಕ್ಕೆ ಹೋಗುವಾಗ ಅವರು ಇಸ್ತ್ರಿ ಅಂಗಿ ಹಾಕುವುದಿಲ್ಲ.

ಪುರಸಭೆಯಲ್ಲಿ ಗುಮಾಸ್ತೆ ನನ್ನ ಹೆಸರು, ಕೆಲಸ ಎಲ್ಲ ಬರೆದುಕೊಂಡಳು. ನಾನು ಚೀಲದ ಕಥೆ ಹೇಳಿದೆ. ಇದರಲ್ಲಿ ತಾತನ ತಪ್ಪಿಲ್ಲ, ಮನೆಗೆ ಬೇಕೆಂದು ಕೇಳಿ ಪಡೆದವಳು ನಾನೇ ಎಂದೆ. "ಕಾಲುವೆಗೆ ಸುರಿದದ್ದೂ ನೀವೇನಾ?" ಎಂದು ಕೇಳಿದಳು. ನಾನು ಹೂಂ ಅನ್ನಲು ಬಾಯಿ ತೆರೆದಿದ್ದೆ.

"ಸುರಿದವನು ನಾನು" ಎಂದರು ಯಜಮಾನರು ಹಿಂದಿನಿಂದ. "ಅವಳಿಗೆ ಗೊತ್ತಿರ್ಲಿಲ್ಲ."

ಯಾರ ಕೆಲಸದ ಕಸ ಎಂದು ಗುಮಾಸ್ತೆ ಕೇಳಿದಳು. ನಮ್ಮಿಬ್ಬರದು, ನಂದೂ ಅಣ್ಣಂದೂ, ಎಂದರು. ಅಷ್ಟು ಹೇಳಲು ಅವರಿಗೆ ಒಂದು ನಿಮಿಷ ಹಿಡಿಯಿತು. ಗುಮಾಸ್ತೆ ಆತುರಪಡಿಸಲಿಲ್ಲ. ಮದುವೆಯಾಗಿ ಹದಿನೇಳು ವರ್ಷದಲ್ಲಿ ನಾನು ಅವರ ಕೈಯನ್ನು ಜನರೆದುರು ಹಿಡಿದದ್ದು ಇವತ್ತೇ.

ಏಪ್ರಿಲ್ 14, ಭಾನುವಾರ

ಭಾವನ ಫೋನು. ಎರಡೇ ಮಾತು: ನಾಳೆಯಿಂದ ಬರಬೇಡ, ನನಗೆ ತಮ್ಮ ಇಲ್ಲ.

ಯಜಮಾನರು ಫೋನನ್ನು ಮೇಜಿನ ಮೇಲಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ನೀರಿನ ಸದ್ದು ಬಹಳ ಹೊತ್ತು ಬರುತ್ತಿತ್ತು.

ಏಪ್ರಿಲ್ 22, ಸೋಮವಾರ

ತಾತ ಕೆಲಸಕ್ಕೆ ಮರಳಿದರು. ಓಡಿಹೋಗಿ ಮಾತಾಡಿಸಿದೆ. "ಆಯ್ತು ಆಯ್ತು" ಎಂದರು. ಕೆಲಸದ ಚೀಲ ಕೊಡುವಾಗ ಎಣಿಸಿ ನನ್ನ ಸಹಿ ಹಾಕಿಸಿಕೊಂಡರು. ಮಗಳೇ ಅನ್ನಲಿಲ್ಲ. ಅವರನ್ನು ದೂರುವ ಹಾಗಿಲ್ಲ, ಮಾಡಿದ್ದುಣ್ಣೋ ಮಹಾರಾಯ.

ಏಪ್ರಿಲ್ 28, ಭಾನುವಾರ

ಪುರಸಭೆಯ ತೀರ್ಮಾನ ಬಂದಿದೆ. ಮೇ ಮುಗಿಯುವುದರೊಳಗೆ ಮೋರಿಯಲ್ಲಿರುವ ಮೂಟೆಗಳನ್ನೆಲ್ಲ ಯಜಮಾನರೇ ಎತ್ತಬೇಕು. ಪರವಾನಗಿಯ ವಿಷಯ ಜೂನ್ ಮೂರಕ್ಕೆ ದೊಡ್ಡ ಕಚೇರಿಯಲ್ಲಿ.

ಅವರು ಎದೆಮಟ್ಟ ನೀರಿನಲ್ಲಿ ನಿಂತು ಹಗ್ಗ ಕಟ್ಟುತ್ತಾರೆ. ಬಡಗಿ ಮರದ ತೊಲೆಗೆ ರಾಟೆ ಕಟ್ಟಿಕೊಟ್ಟಿದ್ದಾನೆ. ನಾನೂ ಬೇಕರಿಯವಳೂ ಎಳೆಯುತ್ತೇವೆ. ಇವತ್ತು ಹನ್ನೊಂದು ಮೂಟೆ. ನರ್ಸಮ್ಮ ಮನೆ ಒಣಗಿ ಕೆಳಗೆ ಹೋಗಿದ್ದಾರೆ. ನಾವು ಕೆಲಸ ಮಾಡುವಷ್ಟು ಹೊತ್ತೂ ಹಿತ್ತಿಲ ಕುರ್ಚಿಯಲ್ಲಿ ಕೂತಿರುತ್ತಾರೆ. ಯಜಮಾನರ ಜೊತೆ ಮಾತಿಲ್ಲ. ನಡುನಡುವೆ ನನಗೆ, "ಅವನನ್ನ ಮೇಲೆ ಬರೋಕೆ ಹೇಳು, ತುಟಿ ನೀಲಿಯಾಗಿದೆ" ಅನ್ನುತ್ತಾರೆ. ಮುಂದಿನ ಬೀದಿಯ ಯಾರೋ ಇಬ್ಬರು, ಹೆಸರು ಗೊತ್ತಿಲ್ಲ, ಬಂದು ಕೈ ಹಾಕಿ ಹೋದರು.

ನಮ್ಮ ಕಾಲುವೆಯ ತಳದಲ್ಲಿ ಮರಳಿದೆ. ಬಿಳಿಯ ಸಣ್ಣ ಮರಳು. ಇವತ್ತು ಕಂಡಿತು.

ಮೇ 12, ಭಾನುವಾರ

ಎತ್ತಿದ ಮೂಟೆಗಳು ದಡದಲ್ಲಿ ಗುಡ್ಡೆಯಾಗಿವೆ. ಅವನ್ನು ಆ ತುದಿಗೆ ಸಾಗಿಸಲು ನಮ್ಮ ಬಳಿ ಗಾಡಿಯಿಲ್ಲ. ಕೈಗಾಡಿಯಲ್ಲಾದರೆ ತಿಂಗಳು ಬೇಕು. ಹೇಗಪ್ಪಾ ಎಂದುಕೊಂಡು ಕೂತಿದ್ದಾಗ ಹತ್ತು ಗಂಟೆಗೆ ರಸ್ತೆಯಲ್ಲಿ ವ್ಯಾನು ನಿಂತಿತು. ಭಾವನ ವ್ಯಾನು.

ಮೊದಲು ಓರಗಿತ್ತಿ ಇಳಿದಳು. ನನ್ನ ಬಳಿ ಬಂದು ಮೆಲ್ಲಗೆ, "ಇಪ್ಪತ್ತೆಂಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೆ ಆ ಮನುಷ್ಯ. ನಿನ್ನೆ ಸಾಕಾಯ್ತು ನಂಗೆ. ಅಷ್ಟು ಸಂಕಟ ಆಗ್ತಿದ್ರೆ ಹೋಗಿ ಚೀಟಿ ಮಾಡಿಸ್ಕೊಂಡು ಬನ್ನಿ ಅಂದೆ. ಮಾಡಿಸ್ಕೊಂಡು ಬಂದಿದ್ದಾರೆ" ಎಂದಳು.

ಭಾವ ಇಳಿಯಲಿಲ್ಲ. ಹಿಂದಿನ ಬಾಗಿಲು ತೆರೆದಿತ್ತು. ಯಜಮಾನರು ಒಂದು ಮೂಟೆ ತಬ್ಬಿ ಎತ್ತಲು ಹೋಗಿ ತಡವರಿಸಿದರು. ಆಗ ಮುಂದಿನ ಬಾಗಿಲು ದಡಾರನೆ ತೆರೆಯಿತು.

"ಮಂಡಿ ಬಗ್ಗಿಸಿ ಎತ್ತೋ! ಎಷ್ಟು ಸಲ ಹೇಳ್ಕೊಟ್ಟಿದ್ದೀನಿ!"

ಬಂದು ಮೂಟೆಯ ಆ ತುದಿ ಹಿಡಿದರು. ಸಂಜೆಯವರೆಗೆ ನಾಲ್ಕು ಲೋಡು. ಅಣ್ಣತಮ್ಮಂದಿರು ಬೇರೆ ಮಾತಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ನನ್ನನ್ನು ಭಾವ ಇನ್ನೂ ನೋಡುವುದಿಲ್ಲ. ಇರಲಿ.

ಜೂನ್ 3, ಸೋಮವಾರ

ದೊಡ್ಡ ಕಚೇರಿ ಇರುವುದು ಎರಡು ಗಂಟೆ ಬಸ್ಸಿನ ದಾರಿಯ ಪಟ್ಟಣದಲ್ಲಿ. ಆರು ಗಂಟೆಯ ಬಸ್ಸಿಗೆ ಹೋದರೆ, ನಿಲ್ದಾಣದ ಬೆಂಚಿನ ಮೇಲೆ ನರ್ಸಮ್ಮ ಆಗಲೇ ಕೂತಿದ್ದಾರೆ. ಹಳೆಯ ಕೋಟು, ಮಡಿಲಲ್ಲಿ ಕೈಚೀಲ. ನಾವು ಕರೆದಿರಲಿಲ್ಲ. "ನಂಗೂ ಅಲ್ಲಿ ಕೆಲಸ ಇದೆ" ಎಂದರು.

ಅಧಿಕಾರಿ ಕಡತ ಓದಿದ. ಯಜಮಾನರನ್ನು ನಿಲ್ಲಿಸಿಯೇ ಕೇಳಿದ, ಸುರಿದದ್ದು ನಿಜವೇ, ಎಷ್ಟು ಕಾಲದಿಂದ, ಯಾಕೆ. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಯಾರ ಮೇಲೂ ಹಾಕಲಿಲ್ಲ. ಅಧಿಕಾರಿ ಪೆನ್ನು ಹಿಡಿದು ಬರೆಯಲು ಬಗ್ಗಿದಾಗ ನರ್ಸಮ್ಮ ಹಿಂದಿನ ಬೆಂಚಿನಿಂದ ಎದ್ದರು.

"ನೀವು ಯಾರು?"

"ನೀರು ನುಗ್ಗಿದ್ದು ನನ್ನ ಮನೆಗೆ."

"ಹಾಗಾದ್ರೆ ದೂರು ಕೊಡೋರು ನೀವು."

"ಹೌದು" ಎಂದರು. ಮೇಜಿನವರೆಗೆ ನಡೆದುಹೋಗಿ, ಬೆರಳನ್ನು ಆ ಕಡತದ ಮೇಲಿಟ್ಟು ನಿಧಾನವಾಗಿ ಹೇಳಿದರು. "ಸುರಿದವನು ಇವನು. ತೆಗೆದವನೂ ಇವನು. ನಾನು ದಿನಾ ಕೂತು ನೋಡಿದ್ದೀನಿ. ಬರೆಯೋದಾದ್ರೆ ಎರಡನ್ನೂ ಬರ್ಕೊಳ್ಳಿ."

ಅಧಿಕಾರಿ ಅವರನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಬರೆದ. ಐದು ವರ್ಷಕ್ಕೆ ಸಿಗಬೇಕಿದ್ದ ಪರವಾನಗಿ ಒಂದು ವರ್ಷಕ್ಕೆ ಸಿಕ್ಕಿತು. ಮುಂದಿನ ಜೂನ್‌ನಲ್ಲಿ ಮತ್ತೆ ಹೋಗಿ ನಿಲ್ಲಬೇಕು. ಮೆಟ್ಟಿಲಿಳಿಯುವಾಗ ಯಜಮಾನರು ನರ್ಸಮ್ಮನಿಗೆ ಏನೋ ಹೇಳಲು ಹೊರಟರು. ಅಷ್ಟರಲ್ಲಿ ನರ್ಸಮ್ಮ ಕೈಚೀಲವನ್ನು ಅವರ ಕೈಗೆ ಕೊಟ್ಟು, "ಭಾರ ಇದೆ, ಹಿಡ್ಕೋ" ಎಂದರು. ಅದರಲ್ಲಿ ಒಂದು ಛತ್ರಿ ಬಿಟ್ಟರೆ ಏನೂ ಇರಲಿಲ್ಲ.

ಬಸ್ಸಿನಲ್ಲಿ ನರ್ಸಮ್ಮ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಸಂಜೆಯ ಬಿಸಿಲು. ಸೇತುವೆ ದಾಟಿ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸಿದಾಗ ಮೆಲ್ಲಗೆ ಅಲುಗಿಸಿ ಎಬ್ಬಿಸಿದೆ.

"ಏಳಿ. ಊರು ಬಂತು."